ಪಾಸ್ ಎಂದು ಕೊಟ್ಟ ನಾಲ್ಕು

‘ಸುರಂಗ’ ಎಂಬ ವಿಡಿಯೋ ಗೇಮ್ ಸತ್ತದ್ದು ನನ್ನ ಕೈಯಿಂದ. ಅದನ್ನು ಮಾರುವ ಕಂಪನಿಯವರಿಗೆ ಮೊದಲೇ ಮನಸ್ಸಿರಲಿಲ್ಲ, ನೆಪ ಹುಡುಕುತ್ತಿದ್ದರು ಎಂದು ನನ್ನ ಮೊಮ್ಮಗಳು ಪೂಜಾ ಈಗಲೂ ಹೇಳುತ್ತಾಳೆ. ನನ್ನ ಸಮಾಧಾನಕ್ಕೆ ಹೇಳುವ ಮಾತು ಅದು. ನೆಪ ಹುಡುಕುತ್ತಿದ್ದರು ಎಂದೇ ಇಟ್ಟುಕೊಳ್ಳೋಣ, ಅದನ್ನು ಅವರ ಕೈಗೆ ಕೊಟ್ಟವಳು ನಾನು. ಹತ್ತಕ್ಕೆ ನಾಲ್ಕು ಕೊಟ್ಟೆ. ಇಬ್ಬರು ಕೂತು ಮೂರು ವರ್ಷ ಮಾಡಿದ ಕೆಲಸ ಹದಿನೈದು ದಿನದಲ್ಲಿ ಮಣ್ಣಾಯಿತು.

ಇದು 2024ರ ಮಾತು. ಆಗ ನನಗೆ ಅರವತ್ತೆಂಟು. ವಿಜಯಪುರದ ಜೋರಾಪುರ ಪೇಟೆಯ ನಮ್ಮ ಮನೆಯಲ್ಲಿ ಕೂತು ಹೊಸ ಗೇಮ್‌ಗಳನ್ನು ಆಡಿ ಅಂಕ ಕೊಡುವುದು ನನ್ನ ಕೆಲಸವಾಗಿತ್ತು. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಒಂದು ರೊಟ್ಟಿ ಕೇಂದ್ರದಲ್ಲಿ ದುಡಿದೆ. ಬೇಯಿಸಿ ಒಣಗಿಸಿದ ಖಡಕ್ ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ ನೋಡಿ, ಒಡೆದದ್ದನ್ನೂ ಕರಕಾದದ್ದನ್ನೂ ತೆಗೆದು ಉಳಿದದ್ದನ್ನು ಪ್ಯಾಕಿಂಗಿಗೆ ಬಿಡುವುದು. ಮೊಣಕಾಲು ನೋವಿಗೆ ಅದನ್ನು ಬಿಟ್ಟು ಮನೆಯಲ್ಲಿ ಕೂತಾಗ, ಪೂಜಾ ಕನ್ನಡದಲ್ಲಿ ಗೇಮ್ ವಿಮರ್ಶೆಯ ಚಾನೆಲ್ ಶುರು ಮಾಡಿದ್ದಳು. ಅವಳು ಆಡುವಾಗ ನಾನು ಹಿಂದೆ ಕೂತು ಬೈಯುತ್ತಿದ್ದೆ. ಒಂದು ದಿನ ನನ್ನ ಬೈಗುಳವೂ ವಿಡಿಯೋದಲ್ಲಿ ಬಂತು. ಜನ ಅವಳ ಮಾತು ಬಿಟ್ಟು ನನ್ನ ಮಾತು ಕೇಳತೊಡಗಿದರು. ಮೂರು ವರ್ಷದಲ್ಲಿ ಅರವತ್ತು ಗೇಮ್ ಆಡಿದೆ. ಕಂಟ್ರೋಲರ್ ಹಿಡಿಯುವುದು ಒಂದು ತಿಂಗಳಲ್ಲಿ ಬಂತು. ರೊಟ್ಟಿ ಬಡಿದ ಕೈಗೆ ಗುಂಡಿ ಒತ್ತುವುದು ದೊಡ್ಡ ಕೆಲಸವಲ್ಲ.

ಈ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳಿಬಿಡುತ್ತೇನೆ. ಗೇಮ್ ಮಾರಾಟಕ್ಕೆ ಬರುವ ಹತ್ತು ಹದಿನೈದು ದಿನ ಮೊದಲು ವಿಮರ್ಶಕರಿಗೆ ರಿವ್ಯೂ ಕೋಡ್ ಬರುತ್ತದೆ. ಅಂಕಿ, ಅಕ್ಷರ ಬೆರೆತ ಒಂದು ಸಾಲು ಅದು. ಅದನ್ನು ಕಂಪ್ಯೂಟರಿಗೆ ಕೊಟ್ಟರೆ ಗೇಮ್ ಇಳಿಯುತ್ತದೆ. ಜೊತೆಗೆ ಎಂಬಾರ್ಗೋ ಎಂಬ ಕರಾರು: ಇಂಥ ದಿನ ಇಷ್ಟು ಗಂಟೆಯವರೆಗೆ ಯಾರೂ ಬಾಯಿ ಬಿಡುವಂತಿಲ್ಲ. ಆ ಗಂಟೆ ದಾಟಿತೋ, ಎಲ್ಲರ ವಿಮರ್ಶೆಯೂ ಒಟ್ಟಿಗೆ ಹೊರಬೀಳುತ್ತದೆ. ಆಮೇಲೆ ಒಂದು ವೆಬ್‌ಸೈಟಿನವರು ಎಲ್ಲರ ಅಂಕ ಕೂಡಿಸಿ, ಭಾಗಿಸಿ, ನೂರಕ್ಕೆ ಇಷ್ಟು ಎಂದು ಬರೆಯುತ್ತಾರೆ. ಅದು ಸರಾಸರಿ. ಕೊಳ್ಳುವವರು ನಾವು ಹೇಳಿದ್ದನ್ನು ಓದುವುದಿಲ್ಲ, ಆ ಒಂದು ಅಂಕಿ ನೋಡುತ್ತಾರೆ.

‘ಸುರಂಗ’ ಬರುವುದಕ್ಕೆ ಒಂದು ತಿಂಗಳ ಮೊದಲಷ್ಟೇ ಆ ವೆಬ್‌ಸೈಟಿನವರು ನಮ್ಮ ಚಾನೆಲನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಪೂಜಾ ಅರ್ಜಿ ಹಾಕಿ ವರ್ಷ ಕಾದಿದ್ದಳು. ಇನ್ನು ಮುಂದೆ ನಮ್ಮ ಮಾರ್ಕ್ಸೂ ಎಣಿಕೆಗೆ ಬರುತ್ತದೆ ಎಂದು ಕುಣಿದಳು. ಎಣಿಸಲಿ ಎಂದು ನಾನೂ ಬೀಗಿದೆ. ಎಣಿಸಿದರೆ ಏನಾಗುತ್ತದೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇನ್ನು ನನ್ನ ಮಾರ್ಕ್ಸಿನ ವಿಚಾರ. ನಾನು ಅರಕೇರಿಯ ಸಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಓದಿದವಳು. ನಮ್ಮಲ್ಲಿ ಮೂವತ್ತೈದಕ್ಕೆ ಪಾಸ್. ಅರವತ್ತು ಬಂದರೆ ಫಸ್ಟ್ ಕ್ಲಾಸ್. ನನ್ನ ಗಂಡ ಹತ್ತನೇ ಇಯತ್ತೆಯಲ್ಲಿ ನೂರಕ್ಕೆ ಮೂವತ್ತೆಂಟು ತಂದಾಗ ಓಣಿಗೆಲ್ಲ ಪೇಡೆ ಹಂಚಿದ್ದರಂತೆ. ಆ ಮೂವತ್ತೆಂಟರ ಮೇಲೆಯೇ ಅವರಿಗೆ ನೌಕರಿ ಸಿಕ್ಕಿತು, ಮನೆ ನಡೆಯಿತು. ಹಾಗಾಗಿ ನನ್ನ ಲೆಕ್ಕದಲ್ಲಿ ಮೂರೂವರೆ ಎಂದರೆ ಪಾಸ್, ನಾಲ್ಕು ಎಂದರೆ ಮರ್ಯಾದೆಯ ಪಾಸ್, ಐದು ಚಲೋ, ಆರು ಭಾಳ ಚಲೋ. ಏಳು ಯಾರಿಗೂ ಕೊಟ್ಟಿರಲಿಲ್ಲ. ಇದನ್ನು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಇದನ್ನೇನು ಹೇಳುವುದು, ಎಲ್ಲರಿಗೂ ಗೊತ್ತಿದ್ದದ್ದೇ ಅಂದುಕೊಂಡಿದ್ದೆ. ಪೂಜಾಳಂತೆ ನೋಡುವವರಿಗೂ ನಾನು ಆಯಿ, ಅಂದರೆ ಅಜ್ಜಿ; ಅವರು ಮಾತ್ರ ಆಯಿ ಭಾಳ ಬಿಗಿ ಎಂದು ನಗುತ್ತಿದ್ದರು. ಪೂಜಾಳಿಗೆ ಆ ಬಿಗಿಯೇ ಚಾನೆಲಿನ ಬಂಡವಾಳ.

‘ಸುರಂಗ’ ಮಾಡಿದವಳು ತಿಕೋಟಾದ ರೇಷ್ಮಾ. ಅವಳ ತಂದೆಯದು ಹತ್ತಿ ತುಂಬಿ ಹಾಸಿಗೆ ಹೊಲಿಯುವ ಗಾದಿ ಅಂಗಡಿ. ಅಂಗಡಿಯ ಮೇಲಿನ ಖೋಲಿಯಲ್ಲಿ ಕೂತು, ಕಾಲೇಜಿನ ನೌಕರಿ ಬಿಟ್ಟು, ಈ ಗೇಮ್ ಕಟ್ಟಿದಳು. ಗೇಮಿನೊಳಗಿನ ಸಪ್ಪಳವೆಲ್ಲ ಬಬಲೇಶ್ವರದ ಮಹಾಂತೇಶ ಎಂಬವನದು. ಇಬ್ಬರೇ. ನಮ್ಮೂರಲ್ಲಿ ಬಾದಶಹರ ಕಾಲದಲ್ಲಿ ನೆಲದೊಳಗೆ ಸುರಂಗ ಕೊರೆದು ನೀರು ತಂದರಲ್ಲ, ಗೇಮ್ ಅದರ ಮೇಲೆ. ಊರಿಗೆ ನೀರು ನಿಂತಿದೆ. ಒಬ್ಬ ಹುಡುಗಿ ಕಂದೀಲು ಹಿಡಿದು ಒಳಗಿಳಿದು, ನೀರು ಎಲ್ಲಿ ಕಟ್ಟಿಕೊಂಡಿದೆ ಎಂದು ಹುಡುಕಿ, ಕಲ್ಲಿನ ಬಾಗಿಲು ತೆರೆಯಬೇಕು. ಬಂದೂಕಿಲ್ಲ, ಬಡಿದಾಟವಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ನೀರಿನ ಸಪ್ಪಳ ಎಡಕ್ಕೋ ಬಲಕ್ಕೋ ಎಂದು ಕೇಳಿಸಿಕೊಂಡು ನಡೆಯಬೇಕು. ಒಟ್ಟು ಹನ್ನೊಂದು ಸುರಂಗ.

ಆರು ದಿನ ಆಡಿ ಮುಗಿಸಿದೆ. ಒಂಬತ್ತನೇ ಸುರಂಗದಲ್ಲಿ ಒಂದು ಎಡವಟ್ಟಿತ್ತು. ಕಂದೀಲಿನ ಎಣ್ಣೆ ಮುಗಿದು ಹಿಂದೆ ಹೋಗಿ ಬಂದರೆ ಕಲ್ಲಿನ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಎರಡು ಸಲ ಆ ಸುರಂಗವನ್ನು ಮೊದಲಿಂದ ಆಡಿದೆ. ಉಳಿದದ್ದೆಲ್ಲ ನನಗೆ ಹಿಡಿಸಿತು. ವಿಡಿಯೋದಲ್ಲಿ ಹತ್ತು ನಿಮಿಷ ಮಾತಾಡಿದೆ. ಮುಗಿದ ಮೇಲೂ ಎರಡು ದಿನ ಕಿವಿಯಲ್ಲಿ ನೀರಿನ ಸಪ್ಪಳ ಇತ್ತು ಎಂದೆ. ಒಂಬತ್ತನೆಯ ಸುರಂಗದ ತಪ್ಪನ್ನೂ ಹೇಳಿದೆ. ಕೊನೆಗೆ “ಅಡ್ಡಿಯಿಲ್ಲ, ಹತ್ತಕ್ಕ ನಾಕು” ಅಂದೆ. ನಮ್ಮ ಕಡೆ ಅಡ್ಡಿಯಿಲ್ಲ ಎಂದರೆ ಹೊಗಳಿಕೆ.

ವಿಡಿಯೋ ಹಾಕುವ ಮುನ್ನ ಪೂಜಾ ತಡೆದು ಕೇಳಿದಳು. “ಆಯಿ, ನಾಕು ಭಾಳ ಕಡಿಮಿ ಅನಸ್ತೈತಿ ಬೇ. ಐದರ ಹಾಕೂಣೇನು?”

“ಒಂಬತ್ತನೇದರಾಗ ನನ್ನ ಎರಡ ಸಲ ತಿರುಗಿಸ್ಯಾಳ ಅಕಿ. ಅಷ್ಟಾದರೂ ಪಾಸ್ ಮಾಡೇನಿ, ಮ್ಯಾಲ ಅರ್ಧ ಮಾರ್ಕ್ಸ್ ಬ್ಯಾರೆ ಕೊಟ್ಟೇನಿ. ಹಾಕು” ಎಂದೆ.

ಹಾಕಿದಳು. ದೊಡ್ಡ ಗೇಮ್‌ಗಳನ್ನು ಅರವತ್ತು ಎಪ್ಪತ್ತು ಜನ ವಿಮರ್ಶೆ ಮಾಡುತ್ತಾರೆ. ಅದರಲ್ಲಿ ನನ್ನದೊಂದು ಎಲ್ಲೋ ಮುಳುಗಿಹೋಗುತ್ತಿತ್ತು. ತಿಕೋಟಾದವರ ಗೇಮನ್ನು ಅಷ್ಟು ಜನ ಯಾಕೆ ಮುಟ್ಟುತ್ತಾರೆ? ಎಣಿಕೆಗೆ ಬಂದವರು ಐದೇ ಜನ. ಮೂವರು ಎಂಟು ಕೊಟ್ಟಿದ್ದರು, ಒಬ್ಬ ಏಳೂವರೆ. ಐದನೆಯವಳು ನಾನು.

ಮೂರನೇ ದಿನ ರೇಷ್ಮಾ ಬಸ್ ಹಿಡಿದು ನಮ್ಮ ಮನೆಗೆ ಬಂದಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಸಣ್ಣ ದನಿ. ಜಗಳಕ್ಕೆ ಬಂದಿದ್ದಾಳೆ ಎಂದು ನಾನು ಸೆರಗು ಬಿಗಿದು ಕೂತೆ. ಅವಳು ಚಹಾ ಕುಡಿದಳು. ಒಂಬತ್ತನೆಯ ಬಾಗಿಲು ಸರಿ ಮಾಡಿದ್ದೇನೆ, ವಿಡಿಯೋ ನೋಡಿದ ಮರುದಿನವೇ ಮಾಡಿದೆ ಎಂದಳು. ಆಮೇಲೆ ಕೇಳಿದಳು.

“ಆಯಿ, ಅಷ್ಟೆಲ್ಲ ಚೊಲೊ ಅಂದ್ರಿ. ಕಿವ್ಯಾಗ ನೀರ ಸಪ್ಪಳ ಉಳೀತು ಅಂದ್ರಿ. ಮತ್ತ ನಾಕ್ಯಾಕ ಕೊಟ್ರಿ?”

“ಪಾಸ್ ಮಾಡೇನಲ್ಲವಾ.”

“ಯಾವ ಪಾಸ್ ರೀ?”

“ಮೂವತ್ತೈದಕ್ಕ ಪಾಸ್. ನಿನಗ ನಲವತ್ತ ಬಿದ್ದಾವ.”

ಅವಳು ನನ್ನ ಮುಖ ನೋಡಿದಳು, ಪೂಜಾಳ ಮುಖ ನೋಡಿದಳು. ಪೂಜಾ ನೆಲ ನೋಡುತ್ತಿದ್ದಳು.

“ಅಲ್ಲಿ ಏಳಂದ್ರನ ಫೇಲ್ ರೀ ಆಯಿ” ಎಂದಳು ರೇಷ್ಮಾ. “ನಾಕಂದ್ರ ಕಸ. ಯಾರೂ ಮುಟ್ಟೂದಿಲ್ಲ.”

ಆಮೇಲೆ ಬಿಡಿಸಿ ಹೇಳಿದಳು. ಗೇಮ್ ಮಾರುವ ಹೊರಗಿನ ಕಂಪನಿಯವರ ಜೊತೆ ಕರಾರು ಇತ್ತು. ಮಾರಾಟಕ್ಕೆ ಬಂದ ಹದಿನೈದು ದಿನದೊಳಗೆ ಸರಾಸರಿ ಎಪ್ಪತ್ತೈದು ಮುಟ್ಟಿದರೆ, ಟಿವಿಗೆ ಜೋಡಿಸಿ ಆಡುವ ಕನ್ಸೋಲ್‌ಗಳಿಗೂ ಅದನ್ನು ತರುತ್ತಾರೆ, ಎರಡನೆಯ ಭಾಗ ಮಾಡಿಸುತ್ತಾರೆ. ಮುಟ್ಟದಿದ್ದರೆ ಕರಾರು ಮುಗಿಯಿತು, ಗೇಮನ್ನು ಮಾರಾಟದಿಂದಲೂ ತೆಗೆಯುತ್ತಾರೆ. ಗೇಮಿನ ಹಕ್ಕು ಮಾತ್ರ ಕಂಪನಿಯ ಬಳಿಯೇ ಉಳಿಯುತ್ತದೆ, ಇವರು ಅದನ್ನು ಬೇರೆ ಕಡೆ ಮಾರುವಂತಿಲ್ಲ. ಪೂಜಾ ಮೊಬೈಲಿನಲ್ಲಿ ಕೂಡಿಸಿ ಭಾಗಿಸಿದಳು. ಎಪ್ಪತ್ತೊಂದು. ನಾನಿಲ್ಲದಿದ್ದರೆ ಎಪ್ಪತ್ತೊಂಬತ್ತರ ಹತ್ತಿರ. ನಾನು ಆರು ಕೊಟ್ಟಿದ್ದರೆ ಸರಿಯಾಗಿ ಎಪ್ಪತ್ತೈದು.

ಆರು ಅಂದರೆ ಫಸ್ಟ್ ಕ್ಲಾಸ್. ಒಂಬತ್ತನೆಯ ಬಾಗಿಲು ಸರಿ ಇದ್ದಿದ್ದರೆ ನಾನು ಆರು ಕೊಡುತ್ತಿದ್ದೆ.

ಅಂದೇ ಪೂಜಾಳಿಂದ ವೆಬ್‌ಸೈಟಿನವರಿಗೆ ಬರೆಸಿದೆ. ನಮ್ಮ ಲೆಕ್ಕ ಬೇರೆ, ನಮ್ಮ ನಾಲ್ಕು ನಿಮ್ಮ ಏಳೂವರೆ, ತಿದ್ದಿಕೊಳ್ಳಿ ಎಂದು. ಎರಡು ದಿನಕ್ಕೆ ಉತ್ತರ ಬಂತು. ಮೊದಲು ಕೊಟ್ಟ ಅಂಕವೇ ಅಂಕ, ಆಮೇಲೆ ಬದಲಾಯಿಸುವುದಿಲ್ಲ. ಕಂಪನಿಗಳು ವಿಮರ್ಶಕರನ್ನು ಹೆದರಿಸಿ ಅಂಕ ಏರಿಸಿಕೊಳ್ಳಬಾರದು ಎಂದು ಮಾಡಿದ ನಿಯಮವಂತೆ. ನಿಯಮ ಸರಿಯಾಗಿಯೇ ಇದೆ. ಪೂಜಾ ಮತ್ತೆ ಬರೆದಳು, ಕಂಪನಿಗೂ ಬರೆದಳು. ವೆಬ್‌ಸೈಟಿನಿಂದ ಅದೇ ಉತ್ತರ. ಕಂಪನಿಯಿಂದ ಉತ್ತರವೇ ಇಲ್ಲ. ಆರನೆಯ ವಿಮರ್ಶಕ ಯಾರಾದರೂ ಬಂದು ಒಂಬತ್ತೂವರೆ ಕೊಟ್ಟರೆ ಎತ್ತಬಹುದಿತ್ತು. ಪೂಜಾ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದಳು. ಯಾರೂ ಬರಲಿಲ್ಲ. ಎಪ್ಪತ್ತೊಂದು ಬಿದ್ದ ಗೇಮಿಗೆ ಯಾರೂ ಹೊತ್ತು ಕಳೆಯುವುದಿಲ್ಲ.

ಹದಿನೈದನೇ ದಿನ, ಕರಾರು ಮುಗಿಯಿತು ಎಂದು ಕಂಪನಿಯ ಇಮೇಲ್ ಬಂತೆಂದು ರೇಷ್ಮಾ ಪೂಜಾಳಿಗೆ ಫೋನ್ ಮಾಡಿದಳು. ಮಧ್ಯಾಹ್ನದ ಬಸ್ಸಿಗೆ ನಾನೊಬ್ಬಳೇ ತಿಕೋಟಾಕ್ಕೆ ಹೋದೆ. ಹೋಗಿ ಏನು ಮಾಡುವುದು ಎಂದು ನನಗೇ ಗೊತ್ತಿರಲಿಲ್ಲ. ಮನೆಯಲ್ಲಿ ಕೂರಲಾಗಲಿಲ್ಲ, ಅಷ್ಟೇ.

ಅಂಗಡಿಯಲ್ಲಿ ಅವಳ ತಂದೆ ಗಾದಿ ಹೊಲಿಯುತ್ತಿದ್ದರು. ನನ್ನ ಗುರುತು ಹಿಡಿದರು, ವಿಡಿಯೋದಲ್ಲಿ ನೋಡಿದ್ದರಲ್ಲ. “ಮ್ಯಾಲ ಅದಾಳ ಹೋಗ್ರಿ” ಎಂದಷ್ಟೇ ಹೇಳಿ ಸೂಜಿಗೆ ದಾರ ಹಾಕತೊಡಗಿದರು. ಖೋಲಿಯ ಅರ್ಧ ಜಾಗದಲ್ಲಿ ಆಗಲೇ ಹತ್ತಿಯ ಮೂಟೆ ಪೇರಿಸಿ ಆಗಿತ್ತು. ಮಹಾಂತೇಶ ಹಿಂದಿನ ವಾರವೇ ತನ್ನ ಸಾಮಾನು ಒಯ್ದು, ಬಬಲೇಶ್ವರದ ಒಂದು ಸಾಲೆಯಲ್ಲಿ ಕಂಪ್ಯೂಟರ್ ಕಲಿಸಲು ಸೇರಿದ್ದ. ರೇಷ್ಮಾಳ ಕಾಲೇಜಿನ ಜಾಗಕ್ಕೆ ಬೇರೆಯವರು ಬಂದಾಗಿತ್ತು.

ನಾನು ಹೇಳಬೇಕಾದದ್ದನ್ನು ಹೇಳಿದೆ. “ತಪ್ಪ ನಂದು. ಕೇಳಬೇಕಾಗಿತ್ತು, ಕೇಳಲಿಲ್ಲ.”

ಅವಳು ಕಂಪ್ಯೂಟರಿನಲ್ಲಿ ಒಂದು ಪಟ್ಟಿ ತೆರೆದು ತೋರಿಸಿದಳು. ರಿವ್ಯೂ ಕೋಡ್ ಹಾಕಿ ಆಡಿದವರು ಎಲ್ಲಿಯವರೆಗೆ ಹೋದರು ಎಂಬುದು ಗೇಮ್ ಮಾಡಿದವರಿಗೆ ಕಾಣುತ್ತದೆಯಂತೆ. ಐದು ಸಾಲು ಇದ್ದವು. ನನಗೆ ಇಂಗ್ಲಿಷ್ ಬಾರದಿದ್ದರೂ ಅಂಕಿ ಓದಲು ಬರುತ್ತದೆ. ಮೂರು, ಎರಡು, ಮೂರು, ಒಂದು, ಹನ್ನೊಂದು.

“ಎಂಟು ಕೊಟ್ಟವರು ಮೂರನೇ ಸುರಂಗ ದಾಟಿಲ್ಲ ರೀ” ಎಂದಳು. “ಪೂರಾ ಆಡಿದವರು ನೀವೊಬ್ಬರ. ಒಂಬತ್ತನೇ ಬಾಗಿಲಾ ಯಾರಿಗೂ ಗೊತ್ತ ಆಗ್ತಿರಲಿಲ್ಲ. ನೀವೂ ಒಂದ ತಾಸ ಆಡಿ ಬಿಟ್ಟಿದ್ರ ನಡೀತಿತ್ತು, ಆಯಿ.”

ಅವಳು ಚುಚ್ಚಿ ಹೇಳಲಿಲ್ಲ. ಚುಚ್ಚಿದ್ದರೆ ನಾನೂ ಎರಡು ಮಾತು ಅಂದು ಹಗುರಾಗುತ್ತಿದ್ದೆ. ಕೆಳಗಿನಿಂದ ಅವಳ ತಂದೆ ಹತ್ತಿ ಬೇಕೆಂದು ಕೂಗಿದರು. ಅವಳು ಒಂದು ಮೂಟೆ ಹೊತ್ತು ಇಳಿದಳು. ನಾನು ಹಿಂದಿನಿಂದ ಇಳಿದು ಬಸ್ ನಿಲ್ದಾಣಕ್ಕೆ ನಡೆದೆ. ಸಂಜೆಯ ಹೊತ್ತಿಗೆ ‘ಸುರಂಗ’ವನ್ನು ಮಾರಾಟದಿಂದ ತೆಗೆದಿದ್ದರು. ಈಗ ಹುಡುಕಿದರೆ ಹೆಸರು ಸಿಗುತ್ತದೆ, ಪಕ್ಕದಲ್ಲಿ ಎಪ್ಪತ್ತೊಂದು ಎಂದಿದೆ, ಗೇಮ್ ಇಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಅಂಕ ಕೊಡುವವರು, ನೋಡುವವರ ಲೆಕ್ಕದಲ್ಲಿ ಪಾಸ್ ಎಷ್ಟಕ್ಕೆ ಎಂದು ಮೊದಲು ಕೇಳಿಕೊಳ್ಳಬೇಕು. ಕೇಳದೆ ಕೊಟ್ಟ ಅಂಕ, ಎಷ್ಟೇ ಪ್ರಾಮಾಣಿಕವಾಗಿರಲಿ, ಸುಳ್ಳೇ. ಇನ್ನೊಂದನ್ನೂ ಕಲಿತೆ, ಅದು ಹೇಳುವಂಥದ್ದಲ್ಲ, ಆದರೂ ಹೇಳುತ್ತೇನೆ. ಪೂರ್ತಿ ಆಡಿದವಳಿಂದ ಆ ಹೆಣ್ಣುಮಗಳಿಗೆ ಆದದ್ದು ಕೇಡು. ಆಡದೆ ಹೊಗಳಿದವರಿಂದ ಆಗುತ್ತಿದ್ದದ್ದು ಒಳ್ಳೆಯದು.

ತಿಕೋಟಾದಿಂದ ಬಂದ ಮರುದಿನ ಬೆಳಿಗ್ಗೆ ಒಂದು ದೊಡ್ಡ ಕಂಪನಿಯ ಗೇಮ್ ನಮ್ಮ ಮುಂದಿತ್ತು. ಹನ್ನೊಂದು ಗಂಟೆಗೆ ಎಂಬಾರ್ಗೋ ಮುಗಿಯುವುದಿತ್ತು. ಬರೀ ಗುಂಡು ಹೊಡೆಯುವುದು, ಓಡುವುದು, ಮತ್ತೆ ಗುಂಡು ಹೊಡೆಯುವುದು. ನಮ್ಮ ಲೆಕ್ಕದಲ್ಲಿ ಎರಡೂವರೆ, ಫೇಲ್. ಒಂದು ತಾಸು ಆಡಿ ಕಂಟ್ರೋಲರ್ ಕೆಳಗಿಟ್ಟೆ.

“ಎಂಟು ಹಾಕು” ಎಂದೆ.

“ಇನ್ನೂ ಅರ್ಧಾನೂ ಆಗಿಲ್ಲಲ್ಲ ಆಯಿ” ಎಂದಳು ಪೂಜಾ.

ಹಾಕು ಎಂದು ಇನ್ನೊಮ್ಮೆ ಹೇಳಿ, ರೊಟ್ಟಿಗೆ ಹಿಟ್ಟು ನಾದಲು ಎದ್ದೆ.