ದಾಟದ ಅರ್ಧ ಹಿಂಡು

ಇಂಥದ್ದನ್ನು ಬೇರೆ ಯಾರಾದರೂ ಬರೆದು ತಂದಿದ್ದರೆ ನಾನು ಪುಟಕ್ಕೆ ಹಾಕುತ್ತಿರಲಿಲ್ಲ. ಅಂಥ ಕತೆಗಳನ್ನು ನಂಬಿದವನೇ ಅಲ್ಲ.

ತೆಲಂಗಾಣ ರಾಜ್ಯವಾಗಿ ಕೆಲವು ವರ್ಷಗಳಾಗಿದ್ದವು. ನಾರಾಯಣಪೇಟೆಯಿಂದ ಮಕ್ತಲ್ ಮೂಲಕ ಗದ್ವಾಲಕ್ಕೆ ಹೋಗುವ ರಸ್ತೆ ಹೇಗಿದೆ, ಕಾರು ಓಡಿಸಿ ನೋಡಿ ಬರೆಯಿರಿ ಎಂದು ಪತ್ರಿಕೆ ನನ್ನನ್ನು ಕಳುಹಿಸಿತ್ತು. ಸ್ಟಿಯರಿಂಗ್ ನನ್ನ ಕೈಯಲ್ಲೇ ಇತ್ತು. ಪಕ್ಕದಲ್ಲಿ ಕಚೇರಿಯ ಡ್ರೈವರ್ ಮೈಲಾರಿ, ಮಾಗನೂರು ಕಡೆಯ ಕುರುಬರ ಮನೆಯವನು. ಮಕ್ತಲ್‌ವರೆಗೆ ಡಾಂಬರು ಚೆನ್ನಾಗಿತ್ತು.

ಮಕ್ತಲ್ ದಾಟಿದ ಮೇಲೆ, ಮಟಮಟ ಮಧ್ಯಾಹ್ನ, ಕುರಿಹಿಂಡೊಂದು ಅಡ್ಡ ಬಂತು. ನಿಲ್ಲಿಸಿದೆ. ಕೊನೆಯ ಕುರಿ ದಾಟಿದ ಮೇಲೂ ಮುದುಕ ಕುರುಬ ಕೋಲು ಅಡ್ಡ ಹಿಡಿದು ನಿಂತೇ ಇದ್ದ. ಹಾರ್ನ್ ಮಾಡಿದೆ.

“ಹಾರ್ನ್ ಹೊಡದ್ರ ಕುರಿಗೆ ರೆಕ್ಕಿ ಬರ್ತಾವೇನ್ರೀ ಸಾಹೇಬ್ರ? ಅರ್ಧ ಹಿಂಡು ಇನ್ನಾ ದಾಟಬೇಕು. ನಿಂದರ್ರಿ.”

ರಸ್ತೆಯ ಮೇಲೆ ಒಂದು ಕುರಿಯೂ ಇರಲಿಲ್ಲ, ಹಿಂಡು ಬಂದ ಕಡೆಯ ಹೊಲದಲ್ಲೂ ಇರಲಿಲ್ಲ. ಮೈಲಾರಿಯ ಮುಖ ನೋಡಿದೆ.

“ನನಗೂ ಕಾಣವಲ್ದ್ರಿ ಸಾರ್. ಆದ್ರ ಹಿಂಡು ಸೀಳಬಾರದು. ಕುರುಬ ಹೋಗ್ರಿ ಅನ್ನೋಮಟ ನಾವು ಗಾಡಿ ಬಿಡಂಗಿಲ್ಲ.”

“ಕಾಣದ ಕುರಿಗೆ ಎಷ್ಟು ಹೊತ್ತು ಕಾಯೋದಪ್ಪ?”

“ಪೇಪರ್‌ನವ್ರಿಗೆ ಕಣ್ಣಿಗೆ ಕಂಡದ್ದಷ್ಟ ಖರೆ,” ಎಂದು ಗೊಣಗಿದ.

ಹತ್ತು ನಿಮಿಷ ಕಾದೆ. ಆಮೇಲೆ ಮುದುಕನ ಪಕ್ಕದಿಂದ ಗಾಡಿಯನ್ನು ನಿಧಾನಕ್ಕೆ ಮುಂದೆ ಬಿಟ್ಟೆ. ಆಗ ಎರಡೂ ಬದಿಯ ಬಾಗಿಲಿಗೆ ಏನೋ ಮೆತ್ತಗೆ ಉಜ್ಜಿಕೊಂಡು ಹೋಯಿತು. ಇಬ್ಬರಿಗೂ ಕೇಳಿಸಿತು. ಮುಳ್ಳುಕಂಟಿ ಇರಬೇಕೆಂದುಕೊಂಡೆ. ಅಲ್ಲಿ ಕಂಟಿ ಇರಲಿಲ್ಲ. ಆದರೂ ನಿಲ್ಲಿಸಲಿಲ್ಲ. ಗದ್ವಾಲದಲ್ಲಿ ಕಾರನ್ನು ಸುತ್ತು ಹಾಕಿ ನೋಡಿದೆವು. ಒಂದು ಗೀರೂ ಇರಲಿಲ್ಲ.

ಬೆಳಕಿರುವಾಗಲೇ ಅದೇ ದಾರಿಯಲ್ಲಿ ಮರಳಿದೆವು. ನಾನು ಮುಂದೆ ಬಿಟ್ಟ ಜಾಗದಲ್ಲೇ, ರಸ್ತೆಯ ತುಂಬ, ಕುರಿಗಳು ಸತ್ತು ಬಿದ್ದಿದ್ದವು. ಮುದುಕ ಒಬ್ಬನೇ ಅವನ್ನು ಬದಿಗೆ ಎಳೆಯುತ್ತಿದ್ದ. ಮೈಲಾರಿ ಇಳಿದು ಓಡಿದ.

“ಯಾವ ಲಾರಿ ಹೊಡೀತು ತಾತಾ?”

“ಲಾರಿ ಎಲ್ಲೈತೋ ಮಗಾ? ನಿಮ್ಮ ಗಾಡಿ ಹೋದ ಮ್ಯಾಲ ಒಂದು ಗಾಡಿನೂ ಬಂದಿಲ್ಲ.”

ನನ್ನನ್ನು ಅವನು ಬೈಯಲಿಲ್ಲ. ಹತ್ತಿರ ಬಂದು ಕೇಳಿದ್ದು ಒಂದೇ ಮಾತು: “ನಿಂದರ್ರಿ ಅಂದಿದ್ನೋ ಇಲ್ಲೋ?”

“ಅಂದಿದ್ರಿ,” ಎಂದೆ.

ತಲೆಯಾಡಿಸಿ ಇನ್ನೊಂದು ಕುರಿಯ ಮುಂಗಾಲು ಹಿಡಿದ. ನಾನು ಹಿಂಗಾಲು ಹಿಡಿದೆ. ನಾವು ಆ ಜಾಗ ದಾಟಿ ನಾಲ್ಕು ತಾಸಾಗಿತ್ತು. ಹೇಗೆ ಎಂದು ಇಂದಿಗೂ ಹೇಳಲಾರೆ, ಆ ಕುರಿಯ ಕಾಲು ಸೆಟೆದಿರಲಿಲ್ಲ, ಮೈ ಈಗಷ್ಟೇ ಸತ್ತಂತೆ ಬೆಚ್ಚಗಿತ್ತು.