ರುಚಿ ನೋಡದ ಸಾರು

ಶಿಕಾರಿಪುರದ ನಮ್ಮ ಬೀದಿಯ ಊಟದ ಹೋಟೆಲು ಮುಚ್ಚಿ ಮೂರು ವರ್ಷವಾಯಿತು. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಅಲ್ಲಿನ ಹುರುಳಿ ಸಾರಿನಂಥ ಸಾರು ಮತ್ತೆಲ್ಲೂ ಸಿಗಲಿಲ್ಲವೆಂದು ಡೈರಿಯಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಆದರೆ ಅದು ಸಾರಿನ ರುಚಿಯೋ, ಇಲ್ಲವಾದದ್ದನ್ನೆಲ್ಲ ಹೊಗಳುವ ನನ್ನ ಚಾಳಿಯೋ ಎಂಬ ಅನುಮಾನ ಬಿಟ್ಟಿರಲಿಲ್ಲ.

ಕಳೆದ ವಾರ ಸೊರಬದ ಸಂತೆಯಲ್ಲಿ ಆ ಹೋಟೆಲಿನ ಅಡುಗೆಯಾಕೆ ಸಿಕ್ಕರು. ನೇರವಾಗಿ ಕೇಳಿಯೇಬಿಟ್ಟೆ: “ಆ ಹುರುಳಿ ಸಾರು ನಿಜವಾಗ್ಲೂ ಅಷ್ಟು ಚೆನ್ನಾಗಿತ್ತಾ?”

“ನನ್ನ ಕೇಳಿದ್ರೆ? ನಾನು ಒಂದಿನಾನೂ ಅದನ್ನ ಬಾಯಿಗೆ ಹಾಕ್ಕೊಂಡಿಲ್ಲ ಕಣ್ರೀ.”

ದೇವರ ಪಟಕ್ಕೆ ಎಡೆ ಇಡುವ ಮೊದಲು ಯಾರೂ ರುಚಿ ನೋಡುವಂತಿಲ್ಲ ಎಂಬುದು ಆ ಅಡುಗೆಮನೆಯ ಪದ್ಧತಿಯಾಗಿತ್ತು. ಎಡೆಯಾದೊಡನೆ ಗಿರಾಕಿಗಳು ಕೂರುತ್ತಿದ್ದರು. ಆಕೆ ಉಣ್ಣುವ ಹೊತ್ತಿಗೆ ಸಾರಿನ ಪಾತ್ರೆ ಖಾಲಿಯಾಗಿರುತ್ತಿತ್ತು. ಇಪ್ಪತ್ತು ವರ್ಷ ಆಕೆ ಕುದಿಯುವ ವಾಸನೆ ಹಿಡಿದೇ ಉಪ್ಪು ಹಾಕಿದ್ದರಂತೆ.

“ಉಂಡೋರು ನೀವು. ನೀವೇ ಹೇಳ್ರಿ, ಹೆಂಗಿತ್ತು?” ಎಂದರು. ಕೇಳುವಾಗ ಆಕೆ ನಗುತ್ತಿರಲಿಲ್ಲ.

ನೆನಪನ್ನು ನಂಬದ ನಾನೇ ಸಾಕ್ಷಿ ಹೇಳಬೇಕಾಯಿತು. “ಯಾರೂ ಉಪ್ಪು ಕೇಳಿದ್ದು ನೆನಪಿಲ್ಲ,” ಎಂದೆ.

“ಹುಡುಕಿದ್ರೂ ಎಲ್ಲಿ ಸಿಗ್ತಿತ್ತು? ಟೇಬಲ್ ಮೇಲೆ ಉಪ್ಪೇ ಇಡ್ತಿರ್ಲಿಲ್ಲ. ಅಷ್ಟು ವರ್ಷ ಉಂಡು ಇದನ್ನೂ ನೋಡ್ಲಿಲ್ವಾ?”

ನೋಡಿರಲಿಲ್ಲ. ಒಂದೇ ಒಂದು ದಿನ ಉಪ್ಪು ಕಡಿಮೆ ಎನಿಸಿದ್ದರೆ ಕೈ ಅದನ್ನು ಟೇಬಲ್ ಮೇಲೆ ಹುಡುಕಿರುತ್ತಿತ್ತು, ಇಲ್ಲವೆಂದು ಆಗಲೇ ಗೊತ್ತಾಗಿರುತ್ತಿತ್ತು.

“ಚೆನ್ನಾಗಿತ್ತು,” ಎಂದೆ. ಈ ಸಲ ನನಗೇ ನಂಬಿಕೆ ಬಂತು.