ಒಂದೇ ಸಲ ಒತ್ತಿದ ಬಟನ್

ನನ್ನ ಓರಗಿತ್ತಿಯನ್ನು ಆಫೀಸಿನಲ್ಲಿ ‘ಜಿಪುಣಿ’ ಅನ್ನುತ್ತಾರೆ. ಎದುರಿಗೇ ಅನ್ನುತ್ತಾರೆ, ಅವಳೂ ನಗುತ್ತಾಳೆ. ಮನೆಯಲ್ಲೂ ಅಷ್ಟೇ, ನಾನು ಕೋಣೆಯಿಂದ ಕಾಲು ಹೊರಗಿಡುವ ಮೊದಲೇ ದೀಪ ಆರಿಸಿರುತ್ತಾಳೆ. ಈ ಮನೆಯ ಹಿರಿಸೊಸೆ ಅವಳು. ನಾನು ಅಕ್ಕ ಅಂತಲೇ ಕರೆಯುವುದು.

ಅವಳ ಕೆಲಸ ಡೇಟಾ ಸೆಂಟರಿನಲ್ಲಿ. ಕಿಟಕಿಯಿಲ್ಲದ ಕಟ್ಟಡ, ಬೇಸಿಗೆಯಲ್ಲೂ ಸ್ವೆಟರ್ ಹಾಕಿ ಕೂರಬೇಕಾದ ಕೋಣೆ. ಒಂದೊಂದು ಯಂತ್ರದ ಹೊಟ್ಟೆಯಲ್ಲಿ ಹತ್ತಾರು ವರ್ಚುವಲ್ ಸರ್ವರ್‌ಗಳು. ಅವುಗಳ ಒಳವಿಳಾಸ ಹೊರಗೆ ನಡೆಯುವುದಿಲ್ಲ, ಜಾಲದ ಬಾಗಿಲಾದ ಗೇಟಿನಲ್ಲಿ ಹೊರವಿಳಾಸಕ್ಕೆ ಬದಲಾಗಬೇಕು. ಯಾವುದಕ್ಕೆ ಯಾವ ಬಗೆ ಎಂದು ಆರಿಸುವವಳು ಅಕ್ಕ. ಒಂದು ಬಗೆಯಲ್ಲಿ ಸರ್ವರ್‌ಗೆ ತನ್ನದೇ ಖಾಯಂ ಹೊರವಿಳಾಸ ಸಿಗುತ್ತದೆ. ಇನ್ನೊಂದರಲ್ಲಿ ಎಷ್ಟೋ ಸರ್ವರ್‌ಗಳು ಒಂದೇ ವಿಳಾಸ ಹಂಚಿಕೊಳ್ಳುತ್ತವೆ. ಮಾತು ನಡೆದಿರುವಷ್ಟು ಹೊತ್ತು ಯಾರ ಮಾತು ಯಾರದೆಂದು ಗೇಟು ನೆನಪಿಟ್ಟುಕೊಳ್ಳುತ್ತದೆ, ಸ್ವಲ್ಪ ಹೊತ್ತು ಸುಮ್ಮನಾದರೆ ಮರೆತುಬಿಡುತ್ತದೆ. ಆಮೇಲೆ ಹೊರಗಿನಿಂದ ಬಂದ ಸುದ್ದಿ ಯಾರಿಗೆಂದು ಅದಕ್ಕೆ ತಿಳಿಯುವುದಿಲ್ಲ. ಹೊರವಿಳಾಸಗಳು ಕಡಿಮೆ. ಅಕ್ಕನಿಂದ ಖಾಯಂ ವಿಳಾಸ ಪಡೆಯುವುದೆಂದರೆ ಕಲ್ಲಿನಿಂದ ನಾರು ತೆಗೆದ ಹಾಗೆ.

ವಯಸ್ಸಾದವರು ಕೊರಳಿಗೆ ಹಾಕಿಕೊಳ್ಳುವ ಬಟನ್ ಒಂದಿದೆ. ಒತ್ತಿದರೆ ಸುದ್ದಿ ಫೋನ್ ಕಂಪನಿಯ ದಾರಿಯಲ್ಲಿ ಸರ್ವರ್‌ಗೆ ಹೋಗಿ, ಅಲ್ಲಿಂದ ಮನೆಯವರ ಫೋನ್ ಬಡಿದುಕೊಳ್ಳುತ್ತದೆ. ಆ ಸರ್ವರ್ ಅಕ್ಕನ ಕೈಗೆ ಬಂದಾಗ ಜೊತೆಯವರು ಕೇಳಿದರಂತೆ, “ಇದಕ್ಕೆ ಖಾಯಂ ಕೊಡೋಣ್ವಾ?”

“ಯಾವಾಗ್ಲೋ ಒಂದು ಮಾತಾಡೋದಕ್ಕೆ ಖಾಯಂ ಯಾಕೆ? ಹಂಚಿಕೊಳ್ಳಲಿ ಬಿಡಿ” ಅಂದಳಂತೆ.

ಬೆಳಗಿನಿಂದ ಒತ್ತಿ ಒತ್ತಿ ಪರೀಕ್ಷೆ ಮಾಡಿದರು. ಪ್ರತಿ ಸಲವೂ ಫೋನ್ ಬಂತು. ಬಿಡುವಿಲ್ಲದೆ ಒತ್ತುತ್ತಿದ್ದರೆ ಗೇಟು ಮರೆಯುವುದಾದರೂ ಯಾವಾಗ? ಅಷ್ಟು ಓದಿದವರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ.

ಅಕ್ಕ ಒಂದು ಬಟನ್ ತಂದು ಅತ್ತೆಯ ಕೊರಳಿಗೆ ಹಾಕಿದಳು. “ಒತ್ತಿ ಅತ್ತೆ. ಕೆಂಪು ದೀಪ ಮಿನುಗಿದ್ರೆ ನಮಗೆ ಕೇಳಿಸ್ತು ಅಂತ. ಓಡಿ ಬರ್ತೀವಿ.”

ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ನಮ್ಮತ್ತೆಗೆ ಆ ಬಾಯೇ ಇಲ್ಲ. ಬಾಯಾರಿದರೂ ನೀರು ಕೇಳುವವರಲ್ಲ. ಇಂಥವರು ಬಟನ್ ಒತ್ತಿಯಾರೇ ಎಂದು ನಾನು ಗೇಲಿ ಮಾಡಿದ್ದೆ.

ಒಂದು ದಿನ ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಯಿಂದ ಸಂಜೆ ಮನೆಗೆ ಬಂದೆ. ಅತ್ತೆ ಬಚ್ಚಲುಮನೆಯ ನೆಲದ ಮೇಲೆ ಬಿದ್ದಿದ್ದರು. ಸೊಂಟ ಮುರಿದಿತ್ತು, ಮೈ ತಣ್ಣಗಿತ್ತು, ಬಟನ್ ಮುಷ್ಟಿಯಲ್ಲಿತ್ತು. ಬಿದ್ದದ್ದು ಮಧ್ಯಾಹ್ನವಂತೆ. ನನಗಾಗಲಿ ಅಕ್ಕನಿಗಾಗಲಿ ಫೋನ್ ಬಂದಿರಲಿಲ್ಲ.

ಆಪರೇಷನ್ ಆಯಿತು. ಮಾರನೆಯ ದಿನ ಅಕ್ಕ ಆಫೀಸಿನಲ್ಲಿ ಕೂತು ಹುಡುಕಿದಳು. ಅತ್ತೆ ಬಿದ್ದ ದಿನ ಅವರಿಗಿಂತ ಮೊದಲು ಬಹಳ ಹೊತ್ತು ಯಾರೂ ಬಟನ್ ಒತ್ತಿರಲಿಲ್ಲ. ಸರ್ವರ್ ಸುಮ್ಮನಿತ್ತು, ಗೇಟು ಅದನ್ನು ಮರೆತಿತ್ತು. ಅತ್ತೆಯ ಕರೆ ಗೇಟಿನವರೆಗೆ ಬಂದು ಅಲ್ಲೇ ಸತ್ತಿತ್ತು. ದೀಪ ಮಿನುಗುವುದು ಬಟನ್ ಕೂಗಿತು ಎನ್ನುವುದಕ್ಕೆ, ಯಾರಿಗೋ ಕೇಳಿಸಿತು ಎನ್ನುವುದಕ್ಕಲ್ಲ. ಅವತ್ತೇ ಆ ಸರ್ವರ್‌ಗೆ ಖಾಯಂ ವಿಳಾಸ ಕೊಟ್ಟು ಬಂದಳು. ಅಡುಗೆಮನೆಯಲ್ಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು.

“ನಾನೇ ಆರಿಸಿದ್ದು ಕಣೇ. ಅತ್ತೆಗೆ ಹೇಗೆ ಹೇಳಲಿ?”

ಕೆಟ್ಟ ಮೇಲೆ ಬುದ್ಧಿ ಬಂತಾ ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ದಿನಗಳು ಹೋದವು, ಅತ್ತೆಗೆ ಹೇಳಲು ಅವಳಿಗೆ ಬಾಯಿ ಮಾತ್ರ ಬರಲಿಲ್ಲ. ಅತ್ತೆಯೂ ಮೊದಲಿನಂತಿರಲಿಲ್ಲ. ಹಾಲು ಕೊಟ್ಟರೆ “ನಿಮಗ್ಯಾಕಮ್ಮ ತೊಂದರೆ” ಎಂದು ಗೋಡೆಯ ಕಡೆ ತಿರುಗುತ್ತಿದ್ದರು. ಸೊಸೆಯರನ್ನು ಅತಿಥಿಗಳ ಹಾಗೆ ಮಾತಾಡಿಸಿದರೆ ಯಾರಿಗೆ ತಾನೆ ಸಹಿಸಲಾದೀತು? “ಇವತ್ತು ನೀನು ಹೇಳದಿದ್ರೆ ನಾನೇ ಹೇಳ್ತೀನಿ” ಎಂದು ಅಕ್ಕನ ಕೈ ಹಿಡಿದು ಎಳೆದುಕೊಂಡು ಹೋದೆ.

ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತಳು. “ಅತ್ತೆ, ಅವತ್ತು ನೀವು ಒತ್ತಿದ್ದು ನಮಗೆ ಕೇಳಿಸಲೇ ಇಲ್ಲ. ತಪ್ಪು ನಂದು. ನಾನು ಆರಿಸಿದ್ದು ಸರಿಯಿರಲಿಲ್ಲ.”

ಅತ್ತೆ ಗೋಡೆಯ ಕಡೆಯಿಂದ ಇತ್ತ ತಿರುಗಿದರು.

“ಕೇಳಿಸಿರಲಿಲ್ವಾ? ದೀಪ ಮಿನುಗಿತ್ತಲ್ಲಮ್ಮ. ಕೆಲಸ ಇರುತ್ತೆ, ಮುಗಿಸಿಕೊಂಡು ಬರ್ತಾರೆ ಅಂದ್ಕೊಂಡೆ. ಆಮೇಲೆ, ಬರಲ್ಲ ಅಂದ್ಕೊಂಡೆ.”

ನನಗೆ ತಡೆಯಲಾಗಲಿಲ್ಲ. “ಇನ್ನೊಂದು ಸಲ ಒತ್ತಬಾರದಿತ್ತಾ ಅತ್ತೆ?”

“ಕೇಳಿಸಿಯೂ ಬರದೋರನ್ನ ಇನ್ನೊಂದು ಸಲ ಹೇಗೆ ಕರೀಲಿ?”

ಅಕ್ಕ ಕಣ್ಣೊರೆಸಿಕೊಂಡು ಪಕ್ಕದಲ್ಲಿದ್ದ ಬಟನ್ನಿನ ದಾರ ಎತ್ತಿ ಮತ್ತೆ ಅವರ ಕೊರಳಿಗೆ ಹಾಕಲು ಹೋದಳು. ಅತ್ತೆ ಬೇಡ ಅನ್ನಲಿಲ್ಲ. ದಾರ ಹಾಕಿಸಿಕೊಳ್ಳಲು ದಿಂಬಿನಿಂದ ತಲೆಯನ್ನೂ ಎತ್ತಲಿಲ್ಲ.